ಓದಿದ್ದು ತಲೆಯಲ್ಲಿ ಉಳಿಯಬೇಕಾದರೆ: ಸೆಕೆಯ ಊರಿನಲ್ಲಿ ನಿದ್ದೆಯ ಲೆಕ್ಕ

ಪರೀಕ್ಷೆ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಪಿಯುಸಿ ಮಕ್ಕಳಿಗೆ ಎರಡು ಬುದ್ಧಿಮಾತು ಒಟ್ಟಿಗೇ ಬೀಳುತ್ತವೆ: ರಾತ್ರಿ 11ರವರೆಗೆ ಓದು, ಬೆಳಿಗ್ಗೆ 4ಕ್ಕೆ ಏಳು. ಒಂದೊಂದೇ ಆದರೆ ಅಡ್ಡಿಯಿಲ್ಲ. ಎರಡೂ ಸೇರಿದರೆ ನಿದ್ದೆಗೆ ಉಳಿಯುವುದು 5 ಗಂಟೆ. ಕಷ್ಟಪಟ್ಟು ಓದಿದ್ದು ಸೋರಿಹೋಗುವುದು ಅಲ್ಲೇ.

ಹಗಲು ಕಲಿತದ್ದನ್ನು ಮೊದಲು ಹಿಡಿದಿಟ್ಟುಕೊಳ್ಳುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ. ಗಾಢ ನಿದ್ದೆಯಲ್ಲಿ ಅದೇ ಕಲಿಕೆ ಮಿದುಳಿನೊಳಗೆ ಮತ್ತೆ ಮತ್ತೆ ಮರುಕಳಿಸಿ ಹೊರಪದರದಲ್ಲಿ ಗಟ್ಟಿಯಾಗುತ್ತದೆ. ಕಲಿತ ಮೇಲೆ ಮಲಗಿದವರು, ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆ ಎಂಬುದು 1924ರ ಪ್ರಯೋಗದಲ್ಲೇ ಕಂಡಿತ್ತು. ನಿದ್ದೆಯ ಒಂದು ಸುತ್ತಿಗೆ ಸುಮಾರು 90 ನಿಮಿಷ, ರಾತ್ರಿಗೆ ನಾಲ್ಕೈದು ಸುತ್ತು. ಗಾಢ ನಿದ್ದೆ ಹೆಚ್ಚಾಗಿ ಮೊದಲ ಸುತ್ತುಗಳಲ್ಲಿ, ಕನಸಿನ ನಿದ್ದೆ ಬೆಳಗಿನ ಜಾವದಲ್ಲಿ. ಯಕ್ಷಗಾನದ ಹೆಜ್ಜೆ, ಚಂಡೆಯ ಪೆಟ್ಟಿನಂಥ ಕೈಕಾಲಿನ ಕಲಿಕೆಗೂ ರಾತ್ರಿಯ ಕೊನೆಯ ಭಾಗಕ್ಕೂ ನಂಟಿದೆ. 11ಕ್ಕೆ ಮಲಗಿದವರಿಗೆ 4ರ ಅಲಾರಾಂ ಕತ್ತರಿಸುವುದು ಈ ಭಾಗವನ್ನೇ.

ಹಾಗಾಗಿ ಏಳುವ ಹೊತ್ತನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. 14ರಿಂದ 17ರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ದೊಡ್ಡವರಿಗೆ ಕನಿಷ್ಠ 7. 4ಕ್ಕೆ ಏಳಲೇಬೇಕಾದರೆ ರಾತ್ರಿ 8ಕ್ಕೇ ದೀಪ ಆರಬೇಕು. ಟ್ಯೂಷನ್ ಮುಗಿಸಿ 8ಕ್ಕೆ ಮನೆ ಸೇರುವ ಮಗುವಿಗೆ ಅದು ಆಗದ ಮಾತು. ಅಂಥವರು 9:30ಕ್ಕೆ ಮಲಗಿ 5:30ಕ್ಕೆ ಏಳಲಿ. ಭಾನುವಾರವೂ ಇದರಲ್ಲಿ ಒಂದು ಗಂಟೆಗಿಂತ ಹೆಚ್ಚು ಏರುಪೇರಾಗದಿರಲಿ. ಈ ವೇಳೆಗೆ ಮೈ ಒಗ್ಗಬೇಕಾದರೆ ಬೆಳಕು ಹರಿದ ಮೇಲೆ 20 ನಿಮಿಷ ಅಂಗಳದಲ್ಲಿರಿ. ಮಳೆಗಾಲದಲ್ಲಿ ಜಗಲಿಯಾದರೂ ಸಾಕು. ಮೋಡ ಕವಿದ ಬೆಳಕೂ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಪ್ರಖರ.

ಮಲಗುವ ಮೊದಲಿನ ಅರ್ಧ ಗಂಟೆಯನ್ನು ಹೀಗೆ ಬಳಸಿ. ಪುಸ್ತಕ ಮುಚ್ಚಿ. ಹೃದಯದ ಪಾಠ ಓದಿದ್ದರೆ ನಾಲ್ಕು ಕೋಣೆ, ಕವಾಟಗಳು, ರಕ್ತ ಹರಿಯುವ ದಾರಿ ಇಷ್ಟನ್ನೂ ನೋಡದೆ ಹಾಳೆಯ ಮೇಲೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ, ದೀಪ ಆರಿಸಿ. ಬೆಳಿಗ್ಗೆ ಎದ್ದು ಹಳೆಯ ಹಾಳೆ ನೋಡದೆ ಮತ್ತೊಮ್ಮೆ ಬರೆಯಿರಿ. ಹತ್ತು ಸಲ ಕಣ್ಣಾಡಿಸುವುದಕ್ಕಿಂತ ಇದು ಮೇಲು, ಏಕೆಂದರೆ ನೆನಪಿನಿಂದ ಹೊರತೆಗೆಯುವುದೇ ಪರೀಕ್ಷೆಯಲ್ಲಿ ಮಾಡಬೇಕಾದ ಕೆಲಸ. ನಡುವೆ ಮೊಬೈಲ್ ಕೈಗೆ ಬಂದರೆ ಅರ್ಧ ಗಂಟೆ ಒಂದೂವರೆ ಆಗುತ್ತದೆ. ಅದನ್ನು ಚಾರ್ಜಿಗಿಡುವ ಜಾಗ ಬೇರೆ ಕೋಣೆಯಲ್ಲಿರಲಿ.

ಸಂಜೆ 6ಕ್ಕೆ ಗೋಳಿಬಜೆಯ ಜೊತೆ ಕುಡಿದ ಚಾದ ಕೆಫೀನ್ ರಾತ್ರಿ 11ಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಕೊನೆಯ ಚಾ, ಕಾಫಿ ಮಧ್ಯಾಹ್ನ 3ರೊಳಗೆ ಮುಗಿಯಲಿ. ಗೋಳಿಬಜೆಗೆ ಅಡ್ಡಿಯಿಲ್ಲ.

ನಮ್ಮ ಕರಾವಳಿಯಲ್ಲಿ ನಿದ್ದೆ ಕೆಡಿಸುವ ದೊಡ್ಡ ಶತ್ರು ಸೆಕೆ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಇಳಿಯಬೇಕು. ಗಾಳಿಯಲ್ಲಿ ತೇವವಿದ್ದರೆ ಬೆವರು ಆರುವುದಿಲ್ಲ. ಮಲಗುವ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿ ಹೊರಹೋಗುತ್ತದೆ. ಒದ್ದೆ ಬೈರಾಸು (ಟವೆಲು) ನೇತುಹಾಕಿ ತಂಪು ಮಾಡುವ ಉಪಾಯ ಒಣಹವೆಯ ಊರಿಗೆ ಸರಿ, ಇಲ್ಲಿ ತೇವವನ್ನಷ್ಟೇ ಹೆಚ್ಚಿಸುತ್ತದೆ. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕಿದರೂ ಅದೇ ಕಥೆ. ತಾರಸಿಯ ಕೆಳಗಿನ ಕೋಣೆಯಾದರೆ ಹಗಲಿನ ಬಿಸಿ ರಾತ್ರಿಯಿಡೀ ಮೇಲಿನಿಂದ ಕೋಣೆಯೊಳಗೆ ಬರುತ್ತಿರುತ್ತದೆ. ಬೇಸಿಗೆಯಲ್ಲಿ ಕೆಳಗಿನ ಮಹಡಿಯಲ್ಲಿ ಚಾಪೆ ಹಾಸಿ ಮಲಗುವುದೇ ಲೇಸು. ಸೊಳ್ಳೆಪರದೆ ಮೇಲಿನ ಫ್ಯಾನಿನ ಗಾಳಿ ತಡೆಯುತ್ತದೆ. ಟೇಬಲ್ ಫ್ಯಾನನ್ನು ಪರದೆಯ ಹೊರಗೆ, ಹಾಸಿಗೆಯ ಮಟ್ಟಕ್ಕೆ ಇಟ್ಟು ಮೈಮೇಲೆ ಗಾಳಿ ಬರುವಂತೆ ತಿರುಗಿಸಿ.

ರಾತ್ರಿಯಿಡೀ ಯಕ್ಷಗಾನದ ಆಟ ಅಥವಾ ಭೂತಕೋಲ ನೋಡಿ ಬಂದರೆ ಬೆಳಿಗ್ಗೆಯೇ ಒಂದು ಸುತ್ತು, 90 ನಿಮಿಷ, ಮಲಗಿ ಏಳಿ. ಸಂಜೆಯವರೆಗೆ ಹೊರಳಾಡಿದರೆ ಮರುರಾತ್ರಿಯ ನಿದ್ದೆಯೂ ಹೋಯಿತು. ಉಳಿದ ದಿನಗಳ ಮಧ್ಯಾಹ್ನದ ನಿದ್ದೆ 20 ನಿಮಿಷ ಸಾಕು, ಅದೂ 3ರೊಳಗೆ.

ಹಾಸಿಗೆಯಲ್ಲಿ 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಿ. ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ಆ ತೊಂದರೆ ಅಭ್ಯಾಸ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ 8ರ ಮೇಲೆ ಹೊಸ ಪಾಠ ತೆರೆಯಬೇಡಿ. ಕೆಂಪು ಪೆನ್ನಿನ ಗುರುತುಗಳನ್ನಷ್ಟೇ ನೋಡಿ, ಹಾಲ್ ಟಿಕೆಟ್ ಚೀಲಕ್ಕೆ ಹಾಕಿ, ಎಂದಿನಂತೆ 9:30ಕ್ಕೆ ಮಲಗಿ.