ಗುಳ್ಳೆ ನಿಲ್ಲುವವರೆಗೆ ಕೀಟೋನ್ ಮುಟ್ಟಬೇಡಿ

ಕೋರಿ–ಚೈಕೊವ್ಸ್ಕಿ ಕಾರಕವನ್ನು ಎಂ.ಎಸ್ಸಿ. ವಿದ್ಯಾರ್ಥಿಗಳು ಕೆಡಿಸುವುದು ಅವಸರದಿಂದಲೇ. 1960ರ ದಶಕದಲ್ಲಿ ಇ.ಜೆ. ಕೋರಿ ಮತ್ತು ಮೈಕೆಲ್ ಚೈಕೊವ್ಸ್ಕಿ ಬಳಕೆಗೆ ತಂದ ಈ ಗಂಧಕದ ಇಲೈಡ್ (ಅಕ್ಕಪಕ್ಕದ ಪರಮಾಣುಗಳಲ್ಲಿ ಧನ, ಋಣ ವಿದ್ಯುದಂಶ ಹೊತ್ತ ಅಣು), ಕೀಟೋನನ್ನು ಎಪಾಕ್ಸೈಡ್ (ಒಂದು ಆಮ್ಲಜನಕ, ಎರಡು ಇಂಗಾಲಗಳ ಉಂಗುರ) ಆಗಿಸುತ್ತದೆ. ಇದನ್ನು ಬೇಕಾದಾಗಲೇ ಮಾಡಿಕೊಳ್ಳಬೇಕು.

ಮೂಲವಸ್ತು ಟ್ರೈಮೀಥೈಲ್‌ಸಲ್ಫಾಕ್ಸೋನಿಯಂ ಅಯೋಡೈಡ್ ಎಂಬ ಬಿಳಿ ಲವಣ. ಅದನ್ನು ಕೊಂಡುಬಿಡಿ, ವಿಷಕಾರಿ ಮೀಥೈಲ್ ಅಯೋಡೈಡನ್ನು ದಿನಗಟ್ಟಲೆ ಕುದಿಸುವ ಉಸಾಬರಿ ಬೇಡ.

ಒಣಗಿದ ಫ್ಲಾಸ್ಕಿಗೆ ಸಾರಜನಕ ಹಾಯಿಸಿ, ಎಣ್ಣೆಯಲ್ಲಿರುವ 60 ಪ್ರತಿಶತದ ಸೋಡಿಯಂ ಹೈಡ್ರೈಡ್ 0.40 ಗ್ರಾಂ ಹಾಕಿ. ಡಬ್ಬಿಯಲ್ಲಿ ಬಿಳಿ ಹೆಕ್ಕಳೆ ಕಟ್ಟಿದ್ದರೆ ಅದು ಹಳೆಯ ಮಾಲು, ಬಳಸಬೇಡಿ. ಎಣ್ಣೆಯನ್ನು ಹೆಕ್ಸೇನಿನಿಂದ ತೊಳೆಯಿರಿ ಎನ್ನುವವರಿದ್ದಾರೆ, ನಾನು ತೊಳೆಯುವುದಿಲ್ಲ. ಒಣ ಪುಡಿ ತೇವದ ಗಾಳಿಗೇ ಹೊತ್ತಿಕೊಳ್ಳಬಲ್ಲದು, ಎಣ್ಣೆಯಾದರೆ ಕೊನೆಗೆ ಶುದ್ಧೀಕರಿಸುವ ಕಾಲಮ್ಮಿನಲ್ಲಿ ಹೋಗುತ್ತದೆ. ನೀರಿನಂಶವಿಲ್ಲದ ಡೈಮೀಥೈಲ್ ಸಲ್ಫಾಕ್ಸೈಡ್ ದ್ರಾವಕ, ಅಂದರೆ ಡಿಎಂಎಸ್‌ಒ 20 ಮಿಲೀ ಸುರಿಯಿರಿ.

ಈಗ ಲವಣ, 2.3 ಗ್ರಾಂ. ಚಮಚದ ತುದಿಯಷ್ಟು ಹಾಕಿ, ನೊರೆ ಇಳಿಯಲಿ, ಮತ್ತೆ ಹಾಕಿ. ಹೈಡ್ರೈಡ್ ಲವಣದ ಪ್ರೋಟಾನನ್ನು ಕಿತ್ತು ಇಲೈಡ್ ಮಾಡುವಾಗ ಹೊರಬರುವ ಹೈಡ್ರೋಜನ್ ಸುಮಾರು ಕಾಲು ಲೀಟರ್. ಒಮ್ಮೆಲೇ ಸುರಿದರೆ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಕತ್ತಿನವರೆಗೆ ಬರುತ್ತದೆ. ಆಗ ಗಾಬರಿಯಾಗಿ ಮಂಜುಗಡ್ಡೆಯಲ್ಲಿಡುತ್ತಾರೆ. ಡಿಎಂಎಸ್‌ಒ 18.5 ಡಿಗ್ರಿಗೇ ಹೆಪ್ಪುಗಟ್ಟುತ್ತದೆ; ಕಲಕುವ ಕಡ್ಡಿ ಸಿಕ್ಕಿಬೀಳುತ್ತದೆ, ಕರಗಿದಾಗ ತಡೆದಿದ್ದೆಲ್ಲ ಒಟ್ಟಿಗೆ ಕೆರಳುತ್ತದೆ. ತಣ್ಣೀರಿನ ಬೋಗುಣಿ ಸಾಕು. ಬೇಗ ಮುಗಿಯಲಿ ಎಂದು ಕಾಯಿಸುವುದಂತೂ ಕೂಡದು: ಸೋಡಿಯಂ ಹೈಡ್ರೈಡ್ ಮತ್ತು ಡಿಎಂಎಸ್‌ಒ ಮಿಶ್ರಣ ಸ್ಫೋಟಿಸಿದ ಪ್ರಕರಣಗಳು ದಾಖಲಾಗಿವೆ. ಹೈಡ್ರೋಜನ್ ಹೊರಹೋಗಲು ದಾರಿಯಿರಲಿ, ಎಲ್ಲವೂ ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೇ ನಡೆಯಲಿ.

ಮಿಶ್ರಣ ಹಾಲಿನಂತೆ ಬೆಳ್ಳಗಾದ ಮಾತ್ರಕ್ಕೆ ಮುಗಿಯಿತೆಂದುಕೊಳ್ಳಬೇಡಿ; ಹೊರಹೋಗುವ ಅನಿಲವನ್ನು ಗುಳ್ಳೆಯಾಗಿ ತೋರಿಸುವ ಬಬ್ಲರಿನಲ್ಲಿ ಗುಳ್ಳೆ ಪೂರ್ತಿ ನಿಲ್ಲಬೇಕು. ಉಳಿದ ಹೈಡ್ರೈಡ್ ಕೀಟೋನಿನ ಪ್ರೋಟಾನನ್ನೇ ಕಿತ್ತುಕೊಂಡರೆ ಕೈಗೆ ಸಿಗುವುದು ಕೀಟೋನಿನ ಅಣುಗಳೇ ಒಂದಕ್ಕೊಂದು ಸೇರಿದ ಆಲ್ಡಾಲ್ ಅಂಟು. ಲವಣವನ್ನು ತುಸು ಹೆಚ್ಚಿಗೆ ಹೇಳಿರುವುದೂ ಇದಕ್ಕೇ. ಆಮೇಲೆ ಕೀಟೋನ್, ಅಂದರೆ ಸೈಕ್ಲೋಹೆಕ್ಸನೋನ್ 0.88 ಗ್ರಾಂ ಹನಿಹನಿಯಾಗಿ ಬಿಟ್ಟು, ರಾತ್ರಿಯಿಡೀ ಕಲಕಿ. ಬೆಳಿಗ್ಗೆ ನಿಧಾನವಾಗಿ ನೀರು ಬೆರೆಸಿ ಈಥರಿನಲ್ಲಿ ಎಳೆದುಕೊಳ್ಳಿ.

ಸೈಕ್ಲೋಹೆಕ್ಸನೋನಿನ ಬದಲು ಸಬ್ಬಸಿಗೆ ಬೀಜದ ಘಮದಲ್ಲಿರುವ ಕಾರ್ವೋನ್ ಎಂಬ ಕೀಟೋನನ್ನು ಹಾಕಿದರೆ ಎಪಾಕ್ಸೈಡಿಗಾಗಿ ಕಾಯಬೇಡಿ. ಕಾರ್ಬೊನಿಲ್ಲಿಗೆ (ಕೀಟೋನಿನ ಇಂಗಾಲ–ಆಮ್ಲಜನಕ ಜೋಡಿಗೆ) ಅಂಟಿದ ಈ ಇಲೈಡ್ ಮತ್ತೆ ಬಿಟ್ಟುಬರಬಲ್ಲದು; ಕೊನೆಗೆ ಪಕ್ಕದ ದ್ವಿಬಂಧಕ್ಕೆ ಸೇರಿ ಸೈಕ್ಲೋಪ್ರೊಪೇನ್, ಅಂದರೆ ಮೂರು ಇಂಗಾಲಗಳ ಉಂಗುರ, ಕಟ್ಟುತ್ತದೆ. ಎಪಾಕ್ಸೈಡೇ ಬೇಕೆಂದರೆ ಆಮ್ಲಜನಕವಿಲ್ಲದ ಸೋದರ, ಸಲ್ಫೋನಿಯಂ ಇಲೈಡ್ ಇದೆ. ಅದು ಕೋಣೆಯ ಶಾಖದಲ್ಲಿ ಬಾಳದು, ಉಳಿಸಿಹೋಗುವ ಡೈಮೀಥೈಲ್ ಸಲ್ಫೈಡ್ ಕೊಳೆತ ಎಲೆಕೋಸಿನಂತೆ ನಾರುತ್ತದೆ. ಅದನ್ನು ಮಾಡುವ ದಿನ ಗಾಜಿನ ಸಾಮಾನನ್ನು ಬ್ಲೀಚಿನಲ್ಲಿ ನೆನೆಸದೆ ಹುಡ್ಡಿನಿಂದ ಹೊರತೆಗೆಯಬೇಡಿ.