ವಕೀಲ್ರು ಫ್ರೀ ಸಿಗ್ತಾರೆ, ಆದ್ರೆ ಹೋಗೋ ಮುಂಚೆ ಅಜ್ಜಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿ

ನಮ್ಮ ಬೀದಿ ಕೊನೇಲಿ ಹೂ ಕಟ್ಟೋ ಅಜ್ಜಿ ಒಬ್ರಿದಾರೆ, ಎಪ್ಪತ್ತು ದಾಟಿದೆ, ಮನೆ ಮಗನ ಹೆಸರಿಗೆ ಬರೆದುಕೊಟ್ಟು ಐದಾರು ವರ್ಷ ಆಯ್ತು, ಈಗ ಅದೇ ಮನೆ ಹಿಂದಿನ ಶೀಟ್ ರೂಮಲ್ಲಿ ಇದಾರೆ. ಒಂದಿನ ಸಂಜೆ ಮಲ್ಲಿಗೆ ಮೊಳ ಹಾಕ್ತಾ ಹಾಕ್ತಾ ಮೆಲ್ಲಗೆ ಕೇಳಿದ್ರು, "ಅಲ್ಲ ಕಣಪ್ಪಾ, ಲಾಯರ್ ಹತ್ರ ಬರೀ ಮಾತಾಡೋಕೆ ಎಷ್ಟು ತಗೋತಾರೆ?" ನಿಮ್ಮಂಥವರಿಗೆ ಏನೂ ತಗೊಳ್ಳಲ್ಲ ಅಜ್ಜಿ ಅಂದೆ. "ಪುಕ್ಸಟ್ಟೆ ಲಾಯರು ಪುಕ್ಸಟ್ಟೆ ಕೆಲಸಾನೇ ಮಾಡ್ತಾನೆ ಬಿಡು" ಅಂದ್ಬಿಟ್ರು.

ಆ ಮಾತು ಪೂರ್ತಿ ಸುಳ್ಳೂ ಅಲ್ಲ ಪೂರ್ತಿ ನಿಜಾನೂ ಅಲ್ಲ. ಅವರ ಜೊತೆ ನಾಲ್ಕೈದು ಸಲ ಓಡಾಡಿದ ಮೇಲೆ ನಂಗೆ ಗೊತ್ತಾಗಿದ್ದು ಏನಂದ್ರೆ ವಕೀಲರು ಸಿಗೋದು ಕಷ್ಟ ಅಲ್ಲ, ಅವರ ಮುಂದೆ ಕೂತಾಗ ಏನು ತೋರಿಸ್ಬೇಕು, ಏನು ಕೇಳ್ಬೇಕು ಅನ್ನೋದ್ರಲ್ಲೇ ಮುಕ್ಕಾಲು ಕೆಲಸ ಇದೆ. ಮನೇಲೋ ಪಕ್ಕದ ಮನೇಲೋ ಇಂಥ ಹಿರಿಯರು ಇದ್ರೆ ನೀವು ಅವರ ಜೊತೆ ಹೋಗೋಕೆ ಅನುಕೂಲ ಆಗ್ಲಿ ಅಂತ ಇದನ್ನ ಬರೀತಿದೀನಿ.

ಯಾರಿಗೆ ಫ್ರೀ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಒಂದಿದೆ, ಅದರ ಸೆಕ್ಷನ್ 12ರಲ್ಲಿ ಯಾರ್ಯಾರಿಗೆ ಉಚಿತ ಅಂತ ಪಟ್ಟಿ ಇದೆ. 60 ದಾಟಿದೆ ಅನ್ನೋ ಒಂದೇ ಕಾರಣಕ್ಕೆ ಆ ಪಟ್ಟೀಲಿ ಜಾಗ ಇಲ್ಲ, ಇದನ್ನ ಬಹಳ ಜನ ತಪ್ಪು ತಿಳ್ಕೊಂಡಿದಾರೆ. ಆದ್ರೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ, ಎಸ್‌ಸಿ ಎಸ್‌ಟಿಯವರಿಗೆ ಉಚಿತ, ಅಂಗವಿಕಲರಿಗೆ ಉಚಿತ, ಅಲ್ಲಿಗೆ ಅಜ್ಜಿಯರೆಲ್ಲ ಒಳಗೆ ಬಂದಂಗೇ ಆಯ್ತು. ಉಳಿದ ತಾತಂದಿರಿಗೆ ಆದಾಯದ ಮಿತಿ ನೋಡ್ತಾರೆ, ನಮ್ಮ ರಾಜ್ಯದಲ್ಲಿ ಅದು ವರ್ಷಕ್ಕೆ 3 ಲಕ್ಷ. ತಹಸೀಲ್ದಾರ್ ಸರ್ಟಿಫಿಕೇಟ್ ಇಲ್ಲ ಅಂತ ನಾಡಕಚೇರಿಗೆ ಹದಿನೈದು ದಿನ ಅಲೀಬೇಡಿ, ನನ್ನ ಆದಾಯ ಇಷ್ಟು ಅಂತ ಒಂದು ಅಫಿಡವಿಟ್ ಕೊಟ್ರೂ ಸಾಕು ಅಂತ ಅದೇ ಕಾಯ್ದೆ ಸೆಕ್ಷನ್ 13 ಹೇಳತ್ತೆ, ನಂಬದೇ ಇರೋಕೆ ಏನಾದ್ರೂ ಕಾರಣ ಇದ್ರೆ ಮಾತ್ರ ಬೇರೆ ದಾಖಲೆ ಕೇಳ್ತಾರೆ.

ಎಲ್ಲಿಗೆ ಹೋಗೋದು

ನಿಮ್ಮ ತಾಲ್ಲೂಕಿನ ಕೋರ್ಟ್ ಕಾಂಪೌಂಡಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಂತ ಬೋರ್ಡ್ ಇರತ್ತೆ, ಜಿಲ್ಲಾ ಕೋರ್ಟಲ್ಲಿ ಜಿಲ್ಲಾ ಪ್ರಾಧಿಕಾರ, ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರ. ನಡೆಯೋಕೆ ಆಗದೇ ಇರೋರು 15100ಕ್ಕೆ ಫೋನ್ ಮಾಡಬಹುದು. ಬರೀ ಕಾನೂನಿನ ಮಾತಲ್ಲ, ಊಟ ಹಾಕ್ತಿಲ್ಲ, ಹೊಡೀತಿದಾರೆ, ಪೆನ್ಷನ್ ನಿಂತೋಗಿದೆ ಅನ್ನೋದೆಲ್ಲ ಇದ್ರೆ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಿನೋರಿಗೆ 1090 ಕೂಡ ಇದೆ. ಅರ್ಜಿ ಬರೆಯೋಕೆ ಬರಲ್ಲ ಅಂದ್ರೆ ಬಾಯಲ್ಲೇ ಹೇಳಬಹುದು, ಅಲ್ಲಿರೋ ಪಿಎಲ್‌ವಿ ಅಂದ್ರೆ ಪ್ಯಾರಾ ಲೀಗಲ್ ವಾಲಂಟಿಯರ್ ಬರ್ಕೋತಾರೆ. ಇವರು ಲಾಯರಲ್ಲ, ಟ್ರೇನಿಂಗ್ ತಗೊಂಡ ಊರಿನೋರೇ, ಟೀಚರ್ ಆಗಿ ರಿಟೈರ್ ಆದೋರು, ಅಂಗನವಾಡಿಯವರು, ಕಾನೂನು ಓದೋ ಹುಡುಗ್ರು ಹೀಗೆ.

ವಕೀಲರಲ್ಲಿ ಎರಡು ಥರ. ಪ್ಯಾನಲ್ ವಕೀಲರಿಗೆ ಪ್ರಾಧಿಕಾರವೇ ಗೌರವಧನ ಕೊಡತ್ತೆ, ಇನ್ನು ಕೆಲವರು ಏನೂ ತಗೊಳ್ಳದೆ ಸ್ವಂತ ಇಷ್ಟದಿಂದ ಕೇಸ್ ತಗೋತಾರೆ, ಅಂಥವರನ್ನ ಹುಡುಕಿಕೊಡೋಕೆ ಕೇಂದ್ರ ಸರ್ಕಾರದ ನ್ಯಾಯ ಬಂಧು ಅಂತ ಆ್ಯಪ್ ಇದೆ. ಪ್ರಾಧಿಕಾರದ ಮೂಲಕ ವಕೀಲರು ಸಿಕ್ಕಿದ್ರೆ ಫೀಸು, ಕೋರ್ಟ್ ಶುಲ್ಕ, ಟೈಪಿಂಗ್, ಸರ್ಟಿಫೈಡ್ ಕಾಪಿ ಖರ್ಚು ಹಿರಿಯರ ತಲೆ ಮೇಲೆ ಬರಬಾರದು. ಕಾಫಿ ದುಡ್ಡು ಅಂತ ಕೇಳಿದ್ರೂ ಕೊಡ್ಬೇಡಿ, ಸಮಿತಿಯ ಕಾರ್ಯದರ್ಶಿಗೆ ಹೇಳಿ.

ಕವರ್ ಬಿಚ್ಚೋದು

ಎಲ್ಲ ಅಜ್ಜಿ ತಾತಂದಿರ ಹತ್ರಾನೂ ಒಂದು ಪ್ಲಾಸ್ಟಿಕ್ ಕವರ್ ಇರತ್ತೆ, ಬಟ್ಟೆ ಅಂಗಡಿದು, ಟ್ರಂಕಿನ ತಳದಲ್ಲಿ. ನಮ್ಮ ಅಜ್ಜಿ ಕವರ್ ಬಿಚ್ಚಿದ್ರೆ ಗ್ಯಾಸ್ ಬುಕ್ಕು, ಗಂಡನ ಡೆತ್ ಸರ್ಟಿಫಿಕೇಟು, ಧರ್ಮಸ್ಥಳದ ಪ್ರಸಾದದ ಪೊಟ್ಣ, ಹತ್ತು ವರ್ಷದ ಹಿಂದಿನ ಕಂದಾಯ ರಸೀದಿ ಎಲ್ಲ ಒಂದೇ ರಬ್ಬರ್ ಬ್ಯಾಂಡಲ್ಲಿ. ಬೇಕಾಗಿದ್ದ, ಮನೆ ಬರೆದುಕೊಟ್ಟ ದಾನಪತ್ರ ಮಾತ್ರ ಇಲ್ಲ, ಒರಿಜಿನಲ್ ಮಗನ ಹತ್ರ. ಇದಕ್ಕೆ ಹೆದರ್ಬೇಡಿ, ನೋಂದಣಿ ಆದ ಪತ್ರ ಆದ್ರೆ ಸಬ್ ರಿಜಿಸ್ಟ್ರಾರ್ ಕಚೇರೀಲಿ ದೃಢೀಕೃತ ನಕಲು ಸಿಗತ್ತೆ, ಪತ್ರದ ನಂಬರ್ ನೆನಪಿಲ್ದಿದ್ರೆ ಇಸಿ ಅಂದ್ರೆ ಋಣಭಾರ ಪತ್ರ ತೆಗೆಸಿದ್ರೆ ಅದ್ರಲ್ಲಿ ಬಂದಿರತ್ತೆ. ಜೊತೆಗೆ ವಯಸ್ಸಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಜಮೀನಿದ್ರೆ ಪಹಣಿ, ಔಷಧಿ ಚೀಟಿಗಳು, ಎಲ್ಲ ಮಕ್ಕಳ ವಿಳಾಸ ಫೋನ್ ನಂಬರ್. ಔಷಧಿ ಬಿಲ್ ಬಿಸಾಕ್ಬೇಡಿ ಮಾರಾಯ್ರೆ, ತಿಂಗಳಿಗೆ ಎಷ್ಟು ಬೇಕು ಅಂತ ವಿಚಾರಣೆ ಮಾಡೋ ಸಾಹೇಬ್ರು ಕೇಳಿದಾಗ ತೋರಿಸೋಕೆ ಅದಕ್ಕಿಂತ ಗಟ್ಟಿ ಕಾಗದ ಇನ್ನೊಂದಿಲ್ಲ.

ನಿಮಗೇನಮ್ಮ ಬೇಕು?

ಅಜ್ಜಿಗೆ ಸಿಕ್ಕ ವಕೀಲರು ಚಿಕ್ಕ ವಯಸ್ಸಿನೋರು, ಕಾಗದ ಮುಟ್ಟೋ ಮುಂಚೆ ಮೊದಲು ಕೇಳಿದ್ದೇ ಇದು. ಜೊತೆಗೆ ಹೋಗಿದ್ದ ನಾನು ಬಾಯಿ ಹಾಕಿ ಆ ಪತ್ರ ಕ್ಯಾನ್ಸಲ್ ಮಾಡಿಸ್ಬೇಕು ಸಾರ್ ಅಂದೆ. ವಕೀಲರು ನನ್ನ ಕಡೆ ನೋಡ್ಲೇ ಇಲ್ಲ. ಅಜ್ಜಿ ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ನಿದ್ದು, "ಅವನ್ನ ಜೈಲಿಗೆ ಗೀಲಿಗೆ ಹಾಕ್ಬೇಡಿ ಸಾಮಿ, ಬಚ್ಚಲು ಮನೆ ಬೀಗ ತೆಗೀಲಿ, ಮಾತ್ರೆಗೆ ದುಡ್ಡು ಕೊಡ್ಲಿ" ಅಂದ್ರು. ಬಚ್ಚಲಿಗೆ ಬೀಗ ಹಾಕಿರೋದು ಅದೇ ಬೀದೀಲಿ ಇರೋ ನಂಗೆ ಅವತ್ತೇ ಗೊತ್ತಾಗಿದ್ದು. ಅದಕ್ಕೇ ಹೇಳೋದು, ಹಿರಿಯರನ್ನ ಕರ್ಕೊಂಡು ಹೋದೋರು ಸ್ವಲ್ಪ ದೂರ ಕೂತ್ಕೊಳಿ, ಮಕ್ಕಳಂತೂ ಪಕ್ಕದಲ್ಲಿ ಇರಲೇಬಾರದು.

ಯಾವ ಬಾಗಿಲು ತಟ್ಟಬೇಕು ಅನ್ನೋದು ಈ ಉತ್ತರದ ಮೇಲೆ ನಿಂತಿದೆ. ಊಟ, ಔಷಧಿ, ಇರೋಕೆ ಜಾಗ ಬೇಕು ಅಂದ್ರೆ 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಪ್ರಕಾರ ಎಸಿ ಅಂದ್ರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ, ಅವರೇ ಅಲ್ಲಿ ನ್ಯಾಯಮಂಡಳಿ. ಮಗ ಮಗಳು ಮಾತ್ರ ಅಲ್ಲ, ವಯಸ್ಸಿಗೆ ಬಂದ ಮೊಮ್ಮಕ್ಕಳ ಮೇಲೂ ಹಾಕಬಹುದು, ಮಕ್ಕಳೇ ಇಲ್ಲದೋರು ತಮ್ಮ ಆಸ್ತಿ ಯಾರಿಗೆ ಹೋಗತ್ತೋ ಅವರ ಮೇಲೆ ಹಾಕಬಹುದು. ಎದುರುದಾರರಿಗೆ ನೋಟಿಸ್ ತಲುಪಿದ 90 ದಿನದಲ್ಲಿ ಮುಗಿಸ್ಬೇಕು, ತೀರಾ ಆದ್ರೆ ಇನ್ನೊಂದು 30 ದಿನ, ಇದು ಕಾಗದದ ಮೇಲಿನ ಲೆಕ್ಕ, ಎಸಿ ಎಲೆಕ್ಷನ್ ಡ್ಯೂಟೀಲಿ ಇದ್ರೆ ಏನಾಗತ್ತೆ ಅಂತ ನಿಮಗೇ ಗೊತ್ತು, ಅದಕ್ಕೆ ಅರ್ಜೀಲೇ ಮಧ್ಯಂತರ ಜೀವನಾಂಶ, ಅಂದ್ರೆ ಕೇಸ್ ಮುಗಿಯೋವರೆಗಿನ ತಿಂಗಳ ಖರ್ಚು ಕೇಳಿಬಿಡಿ. ಇಲ್ಲಿ ತಿಂಗಳಿಗೆ ಹೆಚ್ಚಂದ್ರೆ 10,000. ಅದಕ್ಕಿಂತ ಜಾಸ್ತಿ ಬೇಕು, ಮಗ ಚೆನ್ನಾಗಿ ದುಡೀತಾನೆ ಅಂದ್ರೆ ಕೋರ್ಟಿಗೇ ಹೋಗಬಹುದು, ಜೀವನಾಂಶಕ್ಕೆ ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125 ಇತ್ತಲ್ಲ, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಆಗಿದೆ, ಅಲ್ಲಿ ಮಿತಿ ಇಲ್ಲ. ಎರಡರಲ್ಲಿ ಒಂದು ಆರಿಸ್ಕೋಬೇಕು, ಎರಡೂ ಕಡೆ ಆಗಲ್ಲ.

ಒಂದು ತಮಾಷೆ ನೋಡಿ, ಆ 2007ರ ಕಾಯ್ದೆ ಸೆಕ್ಷನ್ 17 ನ್ಯಾಯಮಂಡಳಿ ಮುಂದೆ ವಕೀಲರು ವಾದ ಮಾಡೋ ಹಾಗಿಲ್ಲ ಅನ್ನತ್ತೆ. ದೆಹಲಿ, ಕೇರಳ ಹೈಕೋರ್ಟ್‌ಗಳು ಅದನ್ನ ಒಪ್ಪಿಲ್ಲ, ಆದ್ರೂ ನಮ್ಮ ಕಡೆ ಒಬ್ಬೊಬ್ಬ ಎಸಿ ಒಂದೊಂದು ಥರ ಅಂತ ವಕೀಲರೇ ನಗ್ತಿದ್ರು. ಹಾಗಾದ್ರೆ ಫ್ರೀ ಲಾಯರ್ ಯಾಕೆ ಅಂತೀರಾ? ಅರ್ಜಿ ಬರೆಯೋದು ಅವರೇ, ಅದ್ರಲ್ಲೇ ಅರ್ಧ ಕೇಸಿದೆ. ನಮ್ಮ ವಕೀಲರು ಬಚ್ಚಲು ಬೀಗದ ವಿಷಯ ಯಾವ ತಿಂಗಳಿಂದ, ಅಜ್ಜಿ ಸ್ನಾನಕ್ಕೆ ಯಾರ ಮನೆಗೆ ಹೋಗ್ತಾರೆ ಅನ್ನೋದನ್ನೆಲ್ಲ ಅರ್ಜೀಲಿ ಹಾಕಿದ್ರು, ಆಮೇಲೆ ವರಾಂಡದಲ್ಲಿ ನಿಂತು "ಅಮ್ಮ, ಸಾಹೇಬ್ರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಸೊಸೆ ತವರಿನ ಕಥೆ ಎಲ್ಲ ಬೇಡ" ಅಂತ ಮೂರು ಸಲ ಹೇಳಿ ಕಳಿಸಿದ್ರು.

ಮನೆ ವಾಪಸ್ ಬರತ್ತಾ?

ಎಲ್ರೂ ಕೇಳೋದು ಇದನ್ನೇ. ಆ 2007ರ ಕಾಯ್ದೆಯ ಸೆಕ್ಷನ್ 23 ಪ್ರಕಾರ, ನೋಡ್ಕೋತೀನಿ ಅನ್ನೋ ಷರತ್ತಿನ ಮೇಲೆ ಆಸ್ತಿ ಬರೆಸ್ಕೊಂಡು ಆಮೇಲೆ ನೋಡ್ಕೊಳ್ಳದೇ ಇದ್ರೆ ಆ ಪತ್ರ ರದ್ದು ಮಾಡಬಹುದು, ಪತ್ರ ಮಾತ್ರ ಕಾಯ್ದೆ ಜಾರಿಗೆ ಬಂದ ಮೇಲೆ ಆಗಿರ್ಬೇಕು. ಕಷ್ಟ ಇರೋದು ಆ ಷರತ್ತು ಅನ್ನೋ ಪದದಲ್ಲಿ. 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತು ಅಂತ ತೋರಿಸ್ಲೇಬೇಕು ಅಂತು, 2025ರ ಜನವರೀಲಿ ಊರ್ಮಿಳಾ ದೀಕ್ಷಿತ್ ಕೇಸಲ್ಲಿ ಇದು ಹಿರಿಯರ ಅನುಕೂಲಕ್ಕೆ ಇರೋ ಕಾನೂನು, ಅದನ್ನ ಉದಾರವಾಗಿ ಓದ್ಬೇಕು, ಮನೆ ಬಿಡಿಸಿ ಸ್ವಾಧೀನ ಕೊಡಿಸೋ ಅಧಿಕಾರಾನೂ ನ್ಯಾಯಮಂಡಳಿಗೆ ಇದೆ ಅಂತು. ಅಲ್ಲಿ ತಾಯಿ ಕೈಲಿ ದಾನಪತ್ರದ ಜೊತೆ ಮಗ ಬರೆದುಕೊಟ್ಟಿದ್ದ ಇನ್ನೊಂದು ಒಪ್ಪಂದದ ಕಾಗದ ಇತ್ತು. ನಮ್ಮ ವಕೀಲರು ಅಜ್ಜಿ ಪತ್ರದ ನಕಲು ಇಟ್ಕೊಂಡು ಸಾಲು ಸಾಲಿಗೂ ಬೆರಳಿಟ್ಟು ಓದಿದ್ರು, "ಪ್ರೀತಿ ವಿಶ್ವಾಸದಿಂದ" ಅಂತ ಇದೆ, ನೋಡ್ಕೋಬೇಕು ಅಂತ ಎಲ್ಲೂ ಇಲ್ಲ. "ಅವತ್ತು ಬೇರೆ ಏನಾದ್ರೂ ಬರೆಸಿದ್ರಾ ಅಮ್ಮ?" ಇಲ್ಲ. ಅದಕ್ಕೆ ರದ್ದತಿ ಕೇಳೋ ಬದಲು ಜೀವನಾಂಶ, ವಾಸ ಕೇಳೋಣ ಅಂದ್ರು, ನಂಗೆ ಅವತ್ತು ಬೇಜಾರಾಯ್ತು, ಈಗ ಅವರು ಮಾಡಿದ್ದೇ ಸರಿ ಅನ್ಸತ್ತೆ.

ಮೋಸದಿಂದ ಸಹಿ ಹಾಕಿಸ್ಕೊಂಡಿದ್ರೆ ಅದು ಬೇರೆ, ಸಿವಿಲ್ ಕೋರ್ಟಿಗೆ ಹೋಗ್ಬೇಕು, ಮೋಸ ಗೊತ್ತಾದ ದಿನದಿಂದ 3 ವರ್ಷ ಮಾತ್ರ ಟೈಮು. ಮಗ ಸೊಸೇನ ಖಾಲಿ ಮಾಡಿಸೋ ವಿಷಯದಲ್ಲೂ ಒಂದು ತೊಡಕಿದೆ, ಬೆಂಗಳೂರಿಂದ ಹೋದ ವನಿತಾ ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಸೊಸೆಗಿರೋ ವಾಸದ ಹಕ್ಕನ್ನೂ ನೋಡ್ಬೇಕು ಅಂದಿದೆ.

ಇನ್ನೂ ಬರೆದುಕೊಡದೇ ಇರೋರು ಇದ್ರೆ ಅವರಿಗೆ ಒಂದು ಮಾತು. ಅಟ್ಟ ಮೇಲೆ ಒಲೆ ಉರೀತು ಅಂತ ಆಗೋದು ಬೇಡ, ದಾನಪತ್ರದ ಬದಲು ವಿಲ್ ಮಾಡಿ, ಅದು ನೀವು ಹೋದ ಮೇಲೆ ಜಾರಿ ಆಗೋದು, ಮನಸ್ಸು ಬದಲಾದ್ರೆ ನಾಳೇನೇ ಬದಲಾಯಿಸಬಹುದು, ಇಬ್ಬರು ಸಾಕ್ಷಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ. ದಾನಪತ್ರಾನೇ ಮಾಡ್ತೀನಿ ಅಂದ್ರೆ ಊಟ, ವಸತಿ, ಔಷಧಿ ಕೊಡಬೇಕು, ತಪ್ಪಿದ್ರೆ ಪತ್ರ ರದ್ದು ಅಂತ ಸ್ಪಷ್ಟವಾಗಿ ಬರೆಸಿ. ಇದನ್ನೂ ಫ್ರೀ ಲಾಯರ್ ಹತ್ರ ತೋರಿಸಬಹುದು, ಜಗಳ ಆದ್ಮೇಲೇ ಹೋಗ್ಬೇಕು ಅಂತೇನಿಲ್ಲ.

ವಕೀಲರು ಫೋನ್ ಎತ್ತದೇ ಇದ್ರೆ

ಆಗತ್ತೆ, ಸುಳ್ಳು ಹೇಳಲ್ಲ. ನಮಗೆ ಮೊದಲು ಕೊಟ್ಟ ವಕೀಲರು ಎರಡು ಸಲ ಬರಲೇ ಇಲ್ಲ, ಸಮಿತಿ ಕಚೇರೀಲಿ ಒಂದು ಬಿಳಿ ಹಾಳೇಲಿ ಬರೆದುಕೊಟ್ವಿ, ಬೇರೆಯವರನ್ನ ಹಾಕಿದ್ರು, ಅಷ್ಟೇ. ಕೂಗಾಡೋ ಅಗತ್ಯ ಇಲ್ಲ, ಆದ್ರೆ ಬಾಯಲ್ಲಿ ಹೇಳಿದ್ರೆ ಸಾಲದು, ಬರೆದುಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳಿ.

ಆದೇಶ ಬಂದ ಮೇಲೆ

ಪ್ರತಿ ಉಚಿತವಾಗಿ ಸಿಗತ್ತೆ, ಬಿಡದೆ ಇಸ್ಕೊಳಿ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ 60 ದಿನದಲ್ಲಿ ಡಿಸಿಗೆ ಅಪೀಲು. ದುಡ್ಡು ಕೈಗೆ ಬೇಡ, ಅಜ್ಜಿ ಹೆಸರಲ್ಲಿ ಮಾತ್ರ ಇರೋ ಅಕೌಂಟಿಗೆ ಹಾಕ್ಬೇಕು ಅಂತ ಆದೇಶದಲ್ಲೇ ಬರೆಸಿ, ಜಾಯಿಂಟ್ ಅಕೌಂಟ್ ಕೊಟ್ರೆ ಒಂದು ಕೈಯಲ್ಲಿ ಹಾಕಿ ಇನ್ನೊಂದು ಕೈಯಲ್ಲಿ ತೆಗೀತಾರೆ. ಕೊಡೋದು ನಿಲ್ಸಿದ್ರೆ ವಾರಂಟ್ ಹೊರಡಿಸೋ ಅಧಿಕಾರ ಎಸಿಗೆ ಇದೆ, ಒಂದು ತಿಂಗಳವರೆಗೆ ಒಳಗೂ ಹಾಕಬಹುದು, ಆದ್ರೆ ಕೊಡಬೇಕಾಗಿದ್ದ ದಿನದಿಂದ ಮೂರು ತಿಂಗಳ ಒಳಗೆ ನೀವು ಅರ್ಜಿ ಹಾಕಿರ್ಬೇಕು. ಹೋಗ್ಲಿ ಬಿಡು ಮುಂದಿನ ತಿಂಗಳು ಕೊಡ್ತಾನೆ ಅಂತ ಕಾದು ಕಾದು ಈ ಮೂರು ತಿಂಗಳು ಕಳ್ಕೊಳ್ಳೋರೇ ಜಾಸ್ತಿ.

ಅಜ್ಜಿಗೆ ಎಸಿ ಮುಂದೆ ರಾಜಿಯಾಗಿ ತಿಂಗಳಿಗೆ 4,000 ಆಯ್ತು, ಬೀಗ ತೆಗೆದ್ರು. ಅಕ್ಷರ ಬರಲ್ಲ, ಹಾಲಿನ ಲೆಕ್ಕದ ಕ್ಯಾಲೆಂಡರಲ್ಲಿ 5ನೇ ತಾರೀಕಿನ ಮನೆ ತೋರಿಸಿ ದುಡ್ಡು ಬಂದ ದಿನ ಎಲೆಗೆ ಹಚ್ಚೋ ಸುಣ್ಣದಲ್ಲಿ ಒಂದು ಚುಕ್ಕೆ ಇಡಿ ಅಂತ ಹೇಳಿಕೊಟ್ಟಿದೀನಿ. ಕಳೆದ ತಿಂಗಳು ಚುಕ್ಕೆ ಬಿದ್ದಿದ್ದು 11ನೇ ತಾರೀಕಿನ ಮೇಲೆ.