ವೆಡ್ಜ್‌ನ ಬೌನ್ಸ್ ನನಗೆ ಅರ್ಥವಾದದ್ದು ಹೀಗೆ

ಗಾಲ್ಫ್‌ನಲ್ಲಿ ಹತ್ತಿರದಿಂದ ಚೆಂಡನ್ನು ಎತ್ತಿ ಹೊಡೆಯುವ ಕ್ಲಬ್ಬೇ ವೆಡ್ಜ್. ಅದನ್ನು ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಲಾಫ್ಟ್, ಅಂದರೆ ಫೇಸ್ (ಚೆಂಡಿಗೆ ಬಡಿಯುವ ಮುಖ) ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಅನ್ನುವುದು: 52, 56, 60. ಪಕ್ಕದಲ್ಲೇ ಇನ್ನೊಂದು ಸಣ್ಣ ಅಂಕಿ ಇರುತ್ತದೆ. 4, 8, 12, ಹೀಗೆ. ಅದೇ ಬೌನ್ಸ್. ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಸುತ್ತಮುತ್ತ ಆಡುವಾಗ ನನ್ನ ಶಾಟ್ ಉಳಿಯುವುದೂ ಕೆಡುವುದೂ ಹೆಚ್ಚಾಗಿ ಈ ಅಂಕಿಯಿಂದಲೇ.

ಶಾಫ್ಟ್ (ಕ್ಲಬ್ಬಿನ ಕೋಲು) ನೆಟ್ಟಗಿರುವಂತೆ ಕ್ಲಬ್ಬನ್ನು ನೆಲಕ್ಕಿಟ್ಟು, ಬಗ್ಗಿ ಪಕ್ಕದಿಂದ ನೋಡಿ. ಸೋಲ್‌ನ, ಅಂದರೆ ಕ್ಲಬ್ಬಿನ ತಲೆಯ ಅಡಿಯ, ಹಿಂಭಾಗ ನೆಲಕ್ಕೆ ತಾಗಿರುತ್ತದೆ, ಮುಂದಿನ ಅಂಚು ಸ್ವಲ್ಪ ಮೇಲಿರುತ್ತದೆ. ನೆಲಕ್ಕೂ ಸೋಲ್‌ಗೂ ನಡುವಿನ ಆ ಓರೆಯೇ ಬೌನ್ಸ್. ಅದು ಕಡಿಮೆಯಿದ್ದರೆ ಮುಂದಿನ ಅಂಚು ಗುದ್ದಲಿಯಂತೆ ಮಣ್ಣಿಗೆ ಇಳಿಯುತ್ತದೆ. ಜಾಸ್ತಿಯಿದ್ದರೆ ಸೋಲ್ ಮೊದಲು ತಾಗಿ, ಕ್ಲಬ್ ಜಾರಿಕೊಂಡು ಮುಂದೆ ಹೋಗುತ್ತದೆ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ 1930ರ ದಶಕದ ಆರಂಭದಲ್ಲಿ ತಮ್ಮ ನಿಬ್ಲಿಕ್ (ಆಗಿನ ಹೆಚ್ಚು ಲಾಫ್ಟ್‌ನ ಕ್ಲಬ್) ಕ್ಲಬ್ಬಿನ ಅಡಿಗೆ ಲೋಹ ಬೆಸೆದದ್ದು ಇದಕ್ಕಾಗಿಯೇ. 1932ರ ಬ್ರಿಟಿಷ್ ಓಪನ್ ಗೆದ್ದಾಗ ಆ ಕ್ಲಬ್ ಅವರ ಬ್ಯಾಗಿನಲ್ಲಿತ್ತು.

ಆದರೆ ಕ್ಲಬ್ಬಿನ ಮೇಲೆ ಕೊರೆದ ಅಂಕಿ ಶಾಫ್ಟ್ ನೆಟ್ಟಗಿದ್ದಾಗ ಮಾತ್ರ ನಿಜ. ಕೈ ಚೆಂಡಿಗಿಂತ ಮುಂದೆ ಹೋದಷ್ಟೂ ಬೌನ್ಸ್ ಕಡಿಮೆಯಾಗುತ್ತದೆ. ಶಾಫ್ಟ್ 8 ಡಿಗ್ರಿ ಮುಂದೆ ವಾಲಿದರೆ 10ರ ಬೌನ್ಸ್‌ನಲ್ಲಿ ಉಳಿಯುವುದು ಸುಮಾರು 2 ಮಾತ್ರ. ಫೇಸ್ ತೆರೆದರೆ, ಅಂದರೆ ಅದು ಇನ್ನಷ್ಟು ಮೇಲ್ಮುಖವಾಗುವಂತೆ ತಿರುಗಿಸಿದರೆ, ಬೌನ್ಸ್ ಹೆಚ್ಚುತ್ತದೆ. ಹಾಗಾಗಿ ಅಂಗಡಿಯಲ್ಲಿ ಅಂಕಿ ಕೇಳುವುದಕ್ಕಿಂತ ಮೊದಲು ನಾನು ಹೇಗೆ ಹೊಡೆಯುತ್ತೇನೆ ಅಂತ ತಿಳಿಯಬೇಕಿತ್ತು.

ಅದಕ್ಕೆ ಮಾರ್ಕರ್ ಸಾಕಾಯಿತು. ಸೋಲ್‌ಗೆ ಪೂರ್ತಿ ಮಸಿ ಬಳಿದು, ಹುಲ್ಲಿನ ಮೇಲಿಂದ ಸಣ್ಣ ಪಿಚ್‌ಗಳನ್ನು (ಚೆಂಡನ್ನು ಎತ್ತಿ ಹಾಕುವ ಹೊಡೆತ) ಹೊಡೆದೆ. ಮಸಿ ಎಲ್ಲಿ ಅಳಿಸಿದೆ ಅಂತ ನೋಡಿದೆ. ನನ್ನದು ಮುಂದಿನ ಅಂಚಿನ ಹತ್ತಿರ ಅಳಿಸಿತ್ತು, ಡಿವಟ್ (ಕ್ಲಬ್ ಹುಲ್ಲು ಕಿತ್ತ ಗುಳಿ) ಕೂಡ ಆಳವಾಗಿತ್ತು. ಅಂದರೆ ನನ್ನ ಕ್ಲಬ್ ಕಡಿದಾಗಿ ಇಳಿಯುತ್ತದೆ. ಆಮೇಲೆ ಕ್ಲಬ್ ಎಲ್ಲಿ ತಾಗುತ್ತದೆ ಅಂತ ನೋಡಲು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಚೆಂಡಿಲ್ಲದೆ ಸ್ವಿಂಗ್ ಮಾಡಿದೆ. ಕೈಯನ್ನು ಅಷ್ಟು ಮುಂದೆ ತಳ್ಳದೆ, ಎದೆ ತಿರುಗಿಸುತ್ತಾ ಹೊಡೆದಾಗ ಮಸಿ ಸೋಲ್‌ನ ನಡುವೆ, ಹಿಂದಕ್ಕೆ ಅಳಿಸತೊಡಗಿತು. ಹುಲ್ಲು ಉಜ್ಜಿದ ಸದ್ದೇ ಬೇರೆ!

ಇದನ್ನು ಅಭ್ಯಾಸದ ಮ್ಯಾಟ್ ಮೇಲೆ ಮಾತ್ರ ಮಾಡಬೇಡಿ. ಚೆಂಡಿನ ಹಿಂದೆ ನೆಲಕ್ಕೆ ತಾಗಿದರೂ ಅಲ್ಲಿ ಕ್ಲಬ್ ಜಾರಿ ಚೆಂಡಿಗೆ ಸೇರುತ್ತದೆ, ಫ್ಯಾಟ್ ಶಾಟ್ ಕೂಡ ಚೆನ್ನಾಗಿಯೇ ಕಾಣುತ್ತದೆ.

ನಾನು ಆಡುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ನೆಲ ಮೆತ್ತಗಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ಜಾಗ ಗಟ್ಟಿ, ಅಲ್ಲಲ್ಲಿ ಬರೀ ಕೆಂಪು ಮಣ್ಣು. ಎರಡಕ್ಕೂ ಒಂದೇ ಬೌನ್ಸ್ ಹೊಂದುವುದು ಕಷ್ಟ ಅಲ್ವಾ? ಅದಕ್ಕೇ 56ರಲ್ಲಿ 12, 60ರಲ್ಲಿ 6 ಇಟ್ಟುಕೊಂಡಿದ್ದೇನೆ. 60ರ ಹೀಲ್ (ಶಾಫ್ಟ್ ಸೇರುವ ಬದಿ) ಕಡೆ ಸೋಲ್ ಉಜ್ಜಿ ತೆಗೆದ ಗ್ರೈಂಡ್ ಇದೆ. ಫೇಸ್ ತೆರೆದರೂ ಮುಂದಿನ ಅಂಚು ಅಷ್ಟೇನೂ ಮೇಲೇಳುವುದಿಲ್ಲ. ನನ್ನ ಸ್ವಿಂಗ್‌ಗೆ 56ರ 12 ದೊಡ್ಡ ಆಸರೆ, ಸ್ವಲ್ಪ ಹಿಂದೆ ತಾಗಿದರೂ ಚೆಂಡು ಗ್ರೀನ್ ತಲುಪುತ್ತದೆ. ಗಟ್ಟಿ ನೆಲದಲ್ಲಿ ಅದರ ಫೇಸ್ ತೆರೆಯುವುದಿಲ್ಲ. ತೆರೆದರೆ ಸೋಲ್ ಪುಟಿದು ಅಂಚು ಚೆಂಡಿನ ನಡುವಿಗೇ ಬಡಿಯುತ್ತದೆ. ಚೆಂಡನ್ನು ತುಸು ಹಿಂದಿಟ್ಟು, ಕೈ ತುಸು ಮುಂದಿಟ್ಟು ಚಿಪ್ (ತಗ್ಗಾದ ಸಣ್ಣ ಹೊಡೆತ) ಮಾಡುತ್ತೇನೆ.

ಬಂಕರ್‌ನಲ್ಲೂ (ಮರಳಿನ ಗುಂಡಿ) ಇದೇ ಲೆಕ್ಕ. ಸಡಿಲ ಮರಳಿದ್ದರೆ 56, ಫೇಸ್ ತೆರೆದು. ಮಳೆಗೆ ಮರಳು ಒತ್ತಿಕೊಂಡಿದ್ದರೆ 60. ಯಾವುದು ಅಂತ ನಿಲ್ಲಲು ಕಾಲೂರುವಾಗಲೇ ಗೊತ್ತಾಗುತ್ತದೆ. ಕೈಯಿಂದಲೋ ಕ್ಲಬ್ಬಿನಿಂದಲೋ ಮರಳನ್ನು ಮುಟ್ಟಿ ಪರೀಕ್ಷಿಸಲು ನಿಯಮ ಬಿಡುವುದಿಲ್ಲ, ಆದ್ದರಿಂದ ಎರಡೂ ಕ್ಲಬ್ ಹಿಡಿದೇ ಬಂಕರ್‌ಗೆ ಇಳಿಯುತ್ತೇನೆ.